ಮನಿ ಪೂರಾ ಬಿಚ್ಚಿ ಮಾಡೂದೋ, ತ್ಯಾಪಿ ಹಚ್ಚಿ ನಡಸೂದೋ: ನಮ್ಮ ಜಿಲ್ಲಾದ ಮನಿಗಳ ಕತಿ

ಅಕ್ಕಾರ, ವೈನಿಯಾರ, ಸುಗ್ಗಿ ಮುಗದು ಕೈಯಾಗ ನಾಕು ರೊಕ್ಕ ಆಡೂ ಹೊತ್ತಿಗೆ ನಮ್ಮ ಕಡೆ ಮನಿಮನಿಯಾಗ ಒಂದ ಮಾತು ಏಳತೈತಿ. ಈ ವರ್ಷ ಮನಿ ಪೂರಾ ಬಿಚ್ಚಿ ಹೊಸದಾಗಿ ಮಾಡಿಸೂನೋ, ಇಲ್ಲಾ ಸೋರೂ ಜಾಗಾಕ್ಕಷ್ಟ ತ್ಯಾಪಿ ಹಚ್ಚಿ ಇನ್ನೊಂದೆರಡು ಮಳಿಗಾಲ ನೂಕೂನೋ? ಗಂಡಸರು ಕಟ್ಟಿ ಮ್ಯಾಲ ಕುಂತು ಗೌಂಡಿ ಕೂಡ ಲೆಕ್ಕಾ ಹಾಕತಾರ, ನಾವು ಒಳಗ ನಿಂತು ಕೇಳತೀವಿ. ಆದ್ರ ನಮ್ಮ ಬಾಗಲಕೋಟಿ ಜಿಲ್ಲಾದಾಗ ಈ ಲೆಕ್ಕಾ ಬರೇ ರೊಕ್ಕದ್ದಲ್ಲ. ಒಂದೂರಾಗ ನೀರು ತೀರ್ಮಾನ ಮಾಡೇತಿ, ಇನ್ನೊಂದೂರಾಗ ಕಾಯ್ದೆ, ಮತ್ತೊಂದೂರಾಗ ಮಗ್ಗ. ಆ ಕತಿ ಗೊತ್ತಿದ್ರ ನಮ್ಮ ನಮ್ಮ ಮನಿ ವಿಚಾರ ಮಾಡೂದು ಸ್ವಲ್ಪ ಹಗುರ ಆಗತೈತಿ.

ಮೊದಲ ಹಳೇ ಮಾಳಿಗಿ ಮನಿ ನೆನಸ್ಕೊಳ್ರಿ. ಕಲ್ಲು-ಮಣ್ಣಿನ ದಪ್ಪ ಗ್ವಾಡಿ, ಕಟ್ಟಿಗಿ ಕಂಬ, ಕಂಬದ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ, ಅದರ ಮ್ಯಾಲ ಮಣ್ಣು. ಅಂಥಾ ಮನಿಯೊಳಗ ರಿಪೇರಿ ಅನ್ನೂದು ಬ್ಯಾರೆ ಕೆಲಸನ ಆಗಿರಲಿಲ್ಲ. ಮಳಿಗಾಲಕ್ಕ ಮೊದಲ ಮಾಳಿಗಿಗೆ ಹೊಸಾ ಮಣ್ಣು ಹಾಕಿ ಬಡಿಯೂದು, ಹಬ್ಬಕ್ಕ ಗ್ವಾಡಿಗೆ ಸುಣ್ಣಾ, ವಾರಕ್ಕೊಮ್ಮೆ ನೆಲಕ್ಕ ಸಗಣಿ. ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಮನಿ ಹೊಸದಾಗತಿತ್ತು, ಅದರಾಗ ಹೆಚ್ಚಿನ ಕೆಲಸ ಹೆಣ್ಣಮಕ್ಕಳ ಕೈದು. ಸಿಮೆಂಟು, ಸ್ಲ್ಯಾಬು ಬಂದ ಮ್ಯಾಲ 'ಒಮ್ಮೆಲೆ ಪೂರಾ ಮಾಡಿಸೂದು' ಅನ್ನೂ ಮಾತು ಬಂತು. ಅದರ ಬೆನ್ನಿಗೆ ಸಾಲಾನೂ ಬಂತು.

ಈಗ ಬಾಗಲಕೋಟಿ ಕತಿ. 1964ರ ಮೇ 22ಕ್ಕ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯೊಳಗ ಕೃಷ್ಣಾ ನದಿ ಅಣೆಕಟ್ಟಿಗೆ ಅಡಿಗಲ್ಲು ಇಟ್ರು. ಬಾಗಲಕೋಟಿ ಇರೂದು ಘಟಪ್ರಭಾ ದಂಡಿಗೆ. ಕೆಳಗ ಆಲಮಟ್ಟಿಯೊಳಗ ಕೃಷ್ಣೆ ತುಂಬಿ ನಿಂತ್ರ ಆ ನೀರು ಘಟಪ್ರಭಾದೊಳಗ ಹಿಂದಕ್ಕ ಒತ್ತಿಕೊಂಡು ಬರತೈತಿ. ಹಿಂಗಾಗಿ ಊರಿನ ತೆಗ್ಗಿನ ಭಾಗ ಮುಳುಗೂದು ಖರೆ ಅಂತ ಗೊತ್ತಾತು. ಆದ್ರ ಯಾವಾಗ? ಕಟ್ಟೂ ಕೆಲಸ ಮುಗದು, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆ ಅಣೆಕಟ್ಟು ನಾಡಿಗೆ ಅರ್ಪಣಾ ಮಾಡಿದ್ದು 2006ರ ಆಗಸ್ಟ್ 21ಕ್ಕ. ನಡುವ 42 ವರ್ಷ. ಅಡಿಗಲ್ಲು ಇಟ್ಟಾಗ ತೊಟ್ಟಿಲದಾಗ ಇದ್ದ ಕೂಸು ಅಷ್ಟೊತ್ತಿಗೆ ತಾನ ಮಗಳ ಬಾಣಂತನ ಮಾಡೂ ವಯಸ್ಸಿಗೆ ಬಂದಿತ್ತು.

ಆ 42 ವರ್ಷದಾಗ ಮುಳುಗಡೆ ಓಣಿಯ ಮನಿಗಳ ಗತಿ ಏನು? 'ಮುಳುಗೂ ಮನಿಗೆ ಸುಣ್ಣಾ ಯಾಕ?' ಅನ್ನೂದ ಉತ್ತರ. ಹಾಕಿದ ರೊಕ್ಕ ಪರಿಹಾರದಾಗ ತಿರುಗಿ ಬರತೈತಿ ಅನ್ನೂ ಖಾತ್ರಿ ಯಾರಿಗೂ ಇರಲಿಲ್ಲ. ತೊಲಿಗೆ ಗೆದ್ದಲ ಹತ್ತಿದ್ರೂ 'ಮುಂದಿನ ವರ್ಷ ಹೆಂಗೂ ಹೋಗೂದೈತಿ', ಬಚ್ಚಲ ಗ್ವಾಡಿ ಬಿರದ್ರೂ ಅದ ಮಾತು. ಮುಂದಿನ ವರ್ಷ ಬಂತು, ಊರು ಅಲ್ಲೇ ಇತ್ತು. ಅಲ್ಲಿತನಕ ಸೋರೂ ಮಾಳಿಗಿ ಕೆಳಗ ಬೋಗಾಣಿ ಇಟ್ಟವ್ರು, ಹಸಿ ಕಟ್ಟಿಗಿ ಊದಿ ರೊಟ್ಟಿ ಬಡದವ್ರು, ಮಕ್ಕಳನ್ನ ಒಣಾ ಮೂಲಿಗೆ ಎಳದು ಮಲಗಿಸಿದವ್ರು ಯಾರು? ತೀರ್ಮಾನ ಮುಂದಕ್ಕ ಹಾಕೂದೂ ಒಂದು ತೀರ್ಮಾನನ. ಅದರ ಖರ್ಚು ಯಾವ ಚೀಟಿಯೊಳಗೂ ಬರಿಯಂಗಿಲ್ಲ. ಒಳಗ ಇರೂ ಹೆಣ್ಣಮಕ್ಕಳು ಮೈಲೆ ತೀರಸತಾರ.

ಮುಳುಗಡೆ ಮಂದಿಗೆ ನವನಗರ ಕಟ್ಟಿದ್ರು. ಅದರ ಯೋಜನೆಯೊಳಗ ಹೆಸರಾದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈ ಐತಿ. ಓಣಿ ಹೆಸರು ಹೋಗಿ ಸೆಕ್ಟರ್ ನಂಬರ್ ಬಂದ್ವು, ರಸ್ತಾ ಅಗಲ ಆದ್ವು. ಊರು ಬಿಡೂಮುಂದ ಹಳೇ ಬಾಗಲ ಚೌಕಟ್ಟು, ತೊಲಿ, ಕಂಬ ಕಿತ್ತು ತಂದು ಹೊಸಾ ಮನಿಗೆ ಕೂಡಿಸಿದವ್ರು ನಮ್ಮ ಬಳಗದಾಗೂ ಅದಾರ. ಹಗೇವು ಮಾತ್ರ ಯಾರಿಗೂ ಹೊತ್ತು ತರಾಕ ಆಗಲಿಲ್ಲ. ಜ್ವಾಳ ಚೀಲದಾಗ ಉಳೀತು, ನುಸಿ ಹೆಚ್ಚಾತು.

ಆ ಲೆಕ್ಕಾ ಇನ್ನೂ ಮುಗದಿಲ್ಲ. ಈಗ ಆಲಮಟ್ಟಿಯೊಳಗ ನೀರು ನಿಲ್ಲೂದು 519.60 ಮೀಟರ್ ತನಕ. 2010ರಾಗ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಅದನ್ನ 524.256 ಮೀಟರ್ ತನಕ ಏರಸಾಕ ಒಪ್ಪಿಗಿ ಕೊಟ್ಟಿತು. ನಡುವಿನ ಅಂತರ ಐದು ಮೀಟರಿಗೂ ಕಡಿಮಿ. ಆದ್ರ ಆ ಅಂತರದಾಗ ಇರೂ ಮನಿಯವ್ರು ಇವತ್ತಿಗೂ ಟೈಲ್ಸ್ ಹಾಕಿಸಬೇಕೋ ಬ್ಯಾಡೋ ಅಂತ ಎರಡೆರಡು ಸಲ ವಿಚಾರ ಮಾಡತಾರ.

ನೀರು ಬರತೈತಿ ಅಂತ ಎಲ್ಲಾನೂ ಬಿಟ್ಟೇವಿ ಅಂತಲೂ ಅಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮದಾಗ ನಾರಾಯಣಪುರ ಅಣೆಕಟ್ಟಿನ ನೀರು ಏರಿದಾಗ ಬಸವಣ್ಣನವರ ಐಕ್ಯ ಮಂಟಪಾನ ಕಿತ್ತು ಬ್ಯಾರೆ ಕಡೆ ಒಯ್ಯಲಿಲ್ಲ. ಅದರ ಸುತ್ತ ಬಾವಿಹಂಗ ಗ್ವಾಡಿ ಕಟ್ಟಿ ಅಲ್ಲೇ ಉಳಿಸಿಕೊಂಡ್ರು. ಈಗೂ ಮೆಟ್ಟಲ ಇಳದು ಹೋಗಿ ನೋಡತೀವಿ. ಇದ್ದ ಜಾಗಾದಾಗ ಉಳಿಸೂದಕ್ಕೂ ದಾರಿ ಇರತಾವು, ಆದ್ರ ಅದು ಊರು ಕೂಡಿ ಮಾಡೂ ಕೆಲಸ, ಒಂದು ಮನಿ ಕೈಲೆ ಆಗೂದಲ್ಲ.

ಇನ್ನ ಬಾದಾಮಿ, ಐಹೊಳೆ ಕಡೆ ಬರ್ರಿ. ಅಲ್ಲಿ ಗುಡಿ ಯಾವುದು, ಮನಿ ಯಾವುದು ಅಂತ ಒಂದು ಕಾಲಕ್ಕ ಗೆರಿ ಇರಲಿಲ್ಲ. ಐಹೊಳೆ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದ ಅದರಾಗ ವಾಸ ಇದ್ದವರಿಂದ. ಗುಡಿ ಗ್ವಾಡಿಗೆ ತಮ್ಮ ಗ್ವಾಡಿ ಹಚ್ಚಿ ತಲಿ ತಲಿಯಿಂದ ಮಂದಿ ಬದುಕ್ಯಾರ. ಈಗ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಜಾಗಾ, ಅದರಾಚೆ 200 ಮೀಟರ್ ನಿಯಂತ್ರಿತ ಜಾಗಾ. 2010ರ ತಿದ್ದುಪಡಿ ಕಾಯ್ದೆ ಹೇಳೂದು ಹಿಂಗ: 100 ಮೀಟರ್ ಒಳಗ ಹೊಸಾ ಮನಿ ಕಟ್ಟಂಗಿಲ್ಲ. 1992ರ ಜೂನ್ 16ಕ್ಕಿಂತ ಮೊದಲ ಇದ್ದ ಮನಿ ಆದ್ರ ಅರ್ಜಿ ಹಾಕಿ, ಪರವಾನಗಿ ತಗೊಂಡು ರಿಪೇರಿ, ನವೀಕರಣ ಮಾಡಿಸಬಹುದು. ಆದ್ರ ಕೆಡವಿ ಮತ್ತ ಕಟ್ಟೂದು ಆ ಕಾಯ್ದೆ ಪ್ರಕಾರ ರಿಪೇರಿ ಅಲ್ಲ. ಇದು ಭಾಳ ದೊಡ್ಡ ಮಾತು. ಅಂಥಾ ಓಣಿಯೊಳಗ ಸಿಟ್ಟಿಲೆ ಮನಿ ಪೂರಾ ಕೆಡವಿದ್ರ ಆ ಜಾಗಾದಾಗ ಮತ್ತ ಗ್ವಾಡಿ ಏಳಸಾಕ ಆಗದ ಹೋಗಬಹುದು. ಅಲ್ಲಿ ತ್ಯಾಪಿ ಹಚ್ಚೂದು ಬಡತನ ಅಲ್ಲ, ಜಾಣತನ.

ಹಂಗಂತ ಹಳೇ ಮಣ್ಣಿನ ಗ್ವಾಡಿ ನಂಬಿ ಕೂಡ್ರಾಕೂ ಬರೂದಿಲ್ಲ. 2009ರ ಸೆಪ್ಟೆಂಬರ್ ಕಡೀಕ, ಅಕ್ಟೋಬರ್ ಮೊದಲಿಗೆ ಬಿಟ್ಟೂಬಿಡದ ಮಳಿ ಹತ್ತಿ ಮಲಪ್ರಭಾ ಉಕ್ಕಿದಾಗ ದಂಡಿ ಊರುಗಳಾಗ ಮಣ್ಣಿನ ಮನಿಗಳು ಕುಸದು ಕುಂತ್ವು. ಮ್ಯಾಲಿನ ಮಣ್ಣು ನೀರು ಕುಡದು ಭಾರ ಆತು, ಕೆಳಗಿನ ಗ್ವಾಡಿ ಬುಡ ನೆನದು ಮೆತ್ತಗಾತು. ಆಮ್ಯಾಲ 'ಆಸರೆ' ಯೋಜನೆಯೊಳಗ ಎತ್ತರದ ಜಾಗಾದಾಗ ಹೊಸಾ ಮನಿ ಕಟ್ಟಿದ್ರು. 2019ರ ಆಗಸ್ಟ್‌ದಾಗ ಪಟ್ಟದಕಲ್ಲಿನ ಗುಡಿಗಳಿಗೂ ಹೊಳಿ ನೀರು ಬಂತು. ಆ ನೀರು ಕಂಡವ್ರಿಗೆ ಗ್ವಾಡಿ ಬುಡ ಮತ್ತ ಮಾಳಿಗಿ ಭಾರ ಮೊದಲ ನೋಡ್ರಿ ಅಂತ ಯಾರೂ ಹೇಳಬೇಕಾಗಿಲ್ಲ.

ಕಡೀಕ ನಮ್ಮ ಇಳಕಲ್ಲ. ಇಲ್ಲಿ ನೇಕಾರರ ಮನಿಯೊಳಗ ಕುಣಿ ಮಗ್ಗ ಅಂದ್ರ ಸಾಮಾನಲ್ಲ, ಮನಿಯ ಒಂದು ಭಾಗ. ನೆಲದಾಗ ಕುಣಿ, ಅದರಾಗ ಕಾಲು ಇಳಿಬಿಟ್ಟು ಪಾವಡಿ ತುಳಿಯೂದು. ಮಣ್ಣಿನ ನೆಲದ ತಂಪಿಗೆ ನೂಲು ಹರಿಯೂದು ಕಡಿಮಿ. ಮಗ್ಗದ ಬಾಜೂಕ ಕುಂತು ಕಂಡಿಕಿ ಸುತ್ತೂ ಹೆಣ್ಣಮಕ್ಕಳಿಗೆ ಅಲ್ಲೇ ಒಲಿ, ಅಲ್ಲೇ ತೊಟ್ಟಿಲ, ಅಲ್ಲೇ ದುಡಿಮಿ. ಮನಿ ಪೂರಾ ಮಾಡಿಸೂಮುಂದ ಮೊದಲ ಮುಚ್ಚೂದ ಆ ಕುಣಿ. ಟೈಲ್ಸ್ ಹೊಳೀತಾವು, ಪಡಸಾಲಿ ದೊಡ್ಡದು ಕಾಣತೈತಿ. ಮಗ್ಗ ಹೋತು ಅಂದ್ರ ಮನಿಯಾಗ ಕುಂತು ಗಳಸತಿದ್ದ ಹೆಣ್ಣಮಗಳ ರೊಕ್ಕಾನೂ ಹೋತು. ಆಕಿ ಕೆಲಸಕ್ಕ ಹೊರಗ ಹೋಗಬೇಕು, ಇಲ್ಲಾ ಬಿಡಬೇಕು. ನೇಯೂದು ಬಿಟ್ಟು ಬ್ಯಾರೆ ಉದ್ಯೋಗ ಹಿಡದವ್ರು ಮುಚ್ಚಲಿ, ತಪ್ಪಲ್ಲ. ಆದ್ರ ನಕ್ಷೆ ಹಾಕೂ ದಿನ ಆಕಿನ್ನ ಒಂದು ಮಾತು ಕೇಳಿರಬೇಕು.

ಈ ಎಲ್ಲಾ ಕತಿಯಿಂದ ನನಗ ತಿಳದದ್ದು ಇಷ್ಟ. ಮನಿ ಕೆಲಸಾನ ಎರಡು ಪಾಲು ಮಾಡ್ರಿ. ಮಾಳಿಗಿ ಸೋರೂದು, ಗ್ವಾಡಿ ಬುಡ, ಹಳೇ ವೈರಿಂಗು, ಬಚ್ಚಲ-ಪಾಯಖಾನಿ, ಒಲಿ ಹೊಗಿ, ಇವು ಜೀವದ ಕೆಲಸ. ಮುಳುಗಡೆ ಇರಲಿ, ಮಾರೂದಿರಲಿ, ಇವನ್ನ ಮುಂದಕ್ಕ ಹಾಕಬ್ಯಾಡ್ರಿ. ಅಲ್ಲಿ ಇರೂದು ಎರಡ ವರ್ಷ ಆದ್ರೂ ಆ ಎರಡು ವರ್ಷ ನಮ್ಮವ. ಟೈಲ್ಸು, ಪಿಒಪಿ, ಮುಂದಿನ ಎಲಿವೇಶನ್ನು, ಇವು ಅಂದದ ಕೆಲಸ. ಪೂರಾ ಬಿಚ್ಚೂದಿದ್ರ ಮೂರು ಮಾತು ಕೇಳಿ ಬಿಚ್ಚರಿ. ಈ ಜಾಗಾ ನೀರಿನ ಗೆರಿಯೊಳಗ ಬರತೈತೇನು? ಕೆಡವಿದ್ರ ಮತ್ತ ಕಟ್ಟಾಕ ಪರವಾನಗಿ ಸಿಗತೈತೇನು? ಈ ಮನಿಯೊಳಗ ಯಾರ ದುಡಿಮಿ ನಡದೈತಿ, ಹೊಸಾದರಾಗ ಅದಕ್ಕ ಜಾಗಾ ಐತೇನು?

ನಮ್ಮ ಮನಿಯಾಗ ಈ ವರ್ಷ ಮಾಳಿಗಿ ಮತ್ತ ಬಚ್ಚಲ ಅಷ್ಟ ಅಂತ ಠರಾವು ಆಗೇತಿ. ಅತ್ತಿಯವರು ಕುಣಿ ಮುಚ್ಚೂದು ಬ್ಯಾಡ ಅಂದ್ರು, ಯಾರೂ ಎದುರು ಮಾತಾಡಲಿಲ್ಲ. ಗೌಂಡಿ ಮಾತ್ರ, ಅರ್ಧಾ ಕೆಲಸ ಹಿಡದ್ರ ಕೂಲಿ ಹೊರೂದಿಲ್ರಿ ಅಂತ ಇನ್ನೂ ಗೊಣಗಾಕತ್ತಾನ.