ಹರಿಹರದ ಶಾಸನ: ಒಲಿಸುವ ಮಾತು

ದಾವಣಗೆರೆಗೆ ಸಮೀಪದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿರುವ ಹರಿಹರೇಶ್ವರ ದೇಗುಲವನ್ನು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದನು. 1268ರಲ್ಲಿ ಸೋಮ ದಂಡನಾಯಕನು ಅದನ್ನು ಬೆಳೆಸಿದನು. ಅಲ್ಲಿಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿ ಅಚ್ಚಾಗಿವೆ.

ಆ ಕಾಲದ ಶಾಸನಕವಿಗೆ ಒಂದು ಕಷ್ಟವಿದ್ದಿತು. ದಾನಿ ಸಾಯುತ್ತಾನೆ, ಭೂಮಿ ಉಳಿಯುತ್ತದೆ. ನಾಳೆ ಬರುವ ಅರಸನ ಕೈಯನ್ನು ತಡೆಯಬೇಕಾದುದು ಬರಹವೇ. ಆದುದರಿಂದ ಅವನು ಕ್ರಮವರಿತು ನಡೆದನು. ಮೊದಲು ದೇವರ ಸ್ತುತಿ. ಬಳಿಕ ಕಿವಿಗೆ ಹಿತವಾದ ಪದ್ಯಗಳಲ್ಲಿ ರಾಜವಂಶದ ವರ್ಣನೆ. ಅನಂತರ ಸಂಶಯಕ್ಕೆಡೆಯಿಲ್ಲದಂತೆ ದತ್ತಿಯ ವಿವರ, ಭೂಮಿಯ ಎಲ್ಲೆಕಟ್ಟು. ಕೊನೆಗೆ ಶಾಪ: ದತ್ತಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಬಾಳುವನು.

ಈ ಬೆದರಿಕೆ ಎಲ್ಲರೂ ಬಲ್ಲದ್ದು. ಆದರೆ ನಮ್ಮ ಶಾಸನಗಳಲ್ಲಿ ರೂಢಿಯಾಗಿರುವ ಇನ್ನೊಂದು ಮಾತು ಅದಕ್ಕಿಂತ ಜಾಣತನದ್ದು. ಕೊಡುವುದಕ್ಕಿಂತ, ಕೊಟ್ಟದ್ದನ್ನು ಕಾಯುವುದೇ ಹೆಚ್ಚಿನ ಪುಣ್ಯವಂತೆ! ಪರರ ದಾನವನ್ನು ಮುಟ್ಟದಿದ್ದ ಮಾತ್ರಕ್ಕೆ ಮುಂದಿನ ಅರಸನು ದಾನಿಗಿಂತಲೂ ದೊಡ್ಡವನಾದನು. ಭಯ ಒಂದು ಕಡೆ, ಗೌರವ ಇನ್ನೊಂದು ಕಡೆ, ಓದಿದವನು ತಪ್ಪಿಸಿಕೊಳ್ಳುವುದೆಲ್ಲಿಗೆ?

ಇಂದು ಆ ಅರಸರಿಲ್ಲ. ಕಾಯುವ ಸರದಿ ನಮ್ಮದು. ಹಳೆಯ ಲಿಪಿಯನ್ನು ಓದಬಲ್ಲವರು ನಮ್ಮಲ್ಲಿ ಉಳಿಯದಿದ್ದರೆ, ಎಷ್ಟೇ ಸೊಗಸಾಗಿ ಒಲಿಸುವ ಮಾತಾದರೂ ಬರಿಯ ಕಲ್ಲಾಗಿ ನಿಲ್ಲುತ್ತದೆ.