ಕತ್ತಲೆಕಾನಿನ ಗೇರು: ಒಂದು ವೃಕ್ಷನಾಮದ ಇತಿಹಾಸ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಘಟ್ಟದಂಚಿನ ನಿತ್ಯಹರಿದ್ವರ್ಣ ಕಾಡೊಂದಕ್ಕೆ ಕತ್ತಲೆಕಾನು ಎಂಬ ಹೆಸರಿದೆ. ಈ ಕಾಡಿನ ಹೆಸರನ್ನು ಹೊತ್ತ ಮರವೊಂದು ಸಸ್ಯಶಾಸ್ತ್ರದ ದಾಖಲೆಗೆ ಸೇರಿದ್ದು ೨೦೦೦ದಲ್ಲಿ. ದಾಸಪ್ಪ ಮತ್ತು ಎಂ. ಎಚ್. ಸ್ವಾಮಿನಾಥ್ ಅವರು ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಅದನ್ನು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಸಿ ವರ್ಣಿಸಿದರು.

ಹೆಸರಿನ ಪೂರ್ವಾರ್ಧಕ್ಕೆ ದೀರ್ಘ ಚರಿತ್ರೆಯಿದೆ. ನಮ್ಮ ಒಣಕಾಡುಗಳಲ್ಲಿ ಬೆಳೆಯುವ ಕರಿಗೇರಿನ ಕಾಯಿ ಹೃದಯಾಕಾರದ್ದು. ಯುರೋಪಿನ ಔಷಧಕಾರರು ಅದನ್ನು ಬಹುಕಾಲ ‘ಅನಕಾರ್ಡಿಯಂ’ ಎಂದೇ ಕರೆಯುತ್ತಿದ್ದರು. ೧೭೫೩ರಲ್ಲಿ ಲಿನ್ನೇಯಸ್ ಈ ಹೆಸರನ್ನು ಅಮೆರಿಕ ಮೂಲದ ಗೋಡಂಬಿ ಮರದ ಜಾತಿಗೆ ಕೊಟ್ಟನು. ಹೆಸರು ಕಳೆದುಕೊಂಡ ಕರಿಗೇರಿಗೆ ಅವನ ಮಗ, ೧೭೮೨ರಲ್ಲಿ ಪ್ರಕಟವಾದ ಕೃತಿಯಲ್ಲಿ, ಸೆಮಿಕಾರ್ಪಸ್ ಎಂಬ ಹೊಸ ಜಾತಿಯನ್ನೇ ಕಲ್ಪಿಸಿದನು. ಗುರುತು ಹಾಕುವ ಕಾಯಿ ಎಂಬುದು ಈ ಗ್ರೀಕ್ ಪದದ ಅರ್ಥ. ಅಗಸರು ಬಟ್ಟೆಗೆ ಗುರುತಿಡಲು ಅದರ ಕಪ್ಪು ರಸವನ್ನು ಬಳಸುತ್ತಿದ್ದುದೇ ಇದಕ್ಕೆ ಆಧಾರ. ಕನ್ನಡ ಕರಾವಳಿಯಲ್ಲಿಯೂ ಇಂಥದೇ ಪಲ್ಲಟವಾಗಿರುವುದು ಕುತೂಹಲಕರ: ಪೋರ್ಚುಗೀಸರು ತಂದ ಗೋಡಂಬಿಯೇ ಇಂದು ಬರಿಯ ‘ಗೇರು’, ಮೂಲದ ಗೇರಿಗೆ ‘ಕರಿ’ ಎಂಬ ವಿಶೇಷಣ ಬೇಕಾಗಿದೆ.

ಇಂಥ ಪರಿಚಿತ ಬಳಗದ ಮರವೊಂದು ಇಷ್ಟು ತಡವಾಗಿ ಬೆಳಕಿಗೆ ಬಂದುದೇಕೆ? ಉತ್ತರ ಕನ್ನಡವು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿನ ಅರಣ್ಯಾಧಿಕಾರಿ ಡಬ್ಲ್ಯು. ಎ. ಟಾಲ್ಬಟ್ ೧೯೦೯–೧೧ರಲ್ಲಿ ಪ್ರಾಂತದ ಅರಣ್ಯಸಸ್ಯಗಳನ್ನು ಎರಡು ಸಂಪುಟಗಳಲ್ಲಿ ವಿವರಿಸಿದನು. ಆ ಶ್ರಮ ಅಸಾಧಾರಣವಾದುದು. ಆದರೂ ಈ ಮರಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಅಂದಿನ ಅರಣ್ಯಶಾಸ್ತ್ರದ ದೃಷ್ಟಿ ಮುಖ್ಯವಾಗಿ ತೇಗದಂಥ ನಾಟಾ ಮರಗಳ ಮೇಲಿತ್ತು; ಕೆಸರಿನ ಕಣಿವೆಗಳು ಅದರ ಅಂಚಿನಲ್ಲಿ ಉಳಿದವು ಎಂಬುದು ನನ್ನ ಅಭಿಪ್ರಾಯ.

ಈ ಮರದ ನೆಲೆಯಾದರೋ ಅಂಥ ಕಣಿವೆಯೇ. ಸ್ಥಳೀಯರು ರಾಮಪತ್ರೆ ಜಡ್ಡಿ ಎನ್ನುವ ಸಿಹಿನೀರಿನ ಜವುಗಿನಲ್ಲಿ, ಕೆಸರಿನಿಂದ ಮಂಡಿಯಂತೆ ಮೇಲೆದ್ದ ಬೇರುಗಳ ಕಾಡುಜಾಯಿ ಮರಗಳ ನಡುವೆ ಅದು ಬೆಳೆಯುತ್ತದೆ. ವರ್ಷವಿಡೀ ತೇವವಿರುವ ಈ ತಗ್ಗುಗಳು ಅಡಕೆ ತೋಟಕ್ಕೂ ಭತ್ತದ ಗದ್ದೆಗೂ ಅನುಕೂಲವಾದುವು. ಹೀಗಾಗಿ ಜವುಗುಗಳು ಒಂದೊಂದಾಗಿ ಸಾಗುವಳಿಗೆ ಒಳಗಾದವು. ಉಳಿದುದು ದೂರದೂರದ ತುಂಡುಗಳು ಮಾತ್ರ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ಆರ್. ವಾಸುದೇವ ಮತ್ತು ಸಂಗಡಿಗರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಅತ್ಯಂತ ಅಪಾಯಕ್ಕೀಡಾದ ಪ್ರಭೇದವೆಂದೇ ಪರಿಗಣಿಸಿತು. ಇದರಲ್ಲಿ ಗಂಡು, ಹೆಣ್ಣು ಮರಗಳು ಬೇರೆಬೇರೆ. ಒಂದು ಜಡ್ಡಿಯಲ್ಲಿ ಉಳಿದ ಕೆಲವೇ ಮರಗಳು ಒಂದೇ ಲಿಂಗದವಾದರೆ ಅಲ್ಲಿ ಕಾಯಿ ಕಟ್ಟುವ ಸಂಭವವೇ ಇಲ್ಲ. ಮರಗಳ ಎಣಿಕೆ ಮಾತ್ರದಿಂದ ಅದರ ಸ್ಥಿತಿ ತಿಳಿಯುವುದಿಲ್ಲ.

ಹೆಸರಿನ ಉತ್ತರಾರ್ಧವನ್ನೂ ಗಮನಿಸಬೇಕು. ಘಟ್ಟದ ಎಷ್ಟೋ ಮರಗಳ ಲ್ಯಾಟಿನ್ ಹೆಸರುಗಳಲ್ಲಿ ಆಂಗ್ಲ ಅಧಿಕಾರಿಗಳ ಸ್ಮರಣೆಯಿದೆ. ಇಲ್ಲಿ ಮಾತ್ರ ಮಲೆನಾಡಿಗರ ‘ಕಾನು’ ಎಂಬ ನುಡಿಯೇ ಉಳಿದಿದೆ. ಗ್ರಾಮಸ್ಥರು ದೇವರ ಹೆಸರಿನಲ್ಲಿ ಕಾಪಾಡಿಕೊಂಡು, ಮೆಣಸು ಮೊದಲಾದವನ್ನು ಸಂಗ್ರಹಿಸುತ್ತಿದ್ದ ದಟ್ಟಕಾಡಿಗೆ ಸಲ್ಲುತ್ತಿದ್ದ ನುಡಿಯಿದು.

ಕಾನೂನಿನ ರಕ್ಷಣೆ ದೊರೆತುದು ಬೇರೊಂದು ಜೀವಿಯ ಹೆಸರಿನಲ್ಲಿ. ೨೦೧೧ರಲ್ಲಿ ಕತ್ತಲೆಕಾನನ್ನು ಒಳಗೊಂಡಂತೆ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಿತವಾಯಿತು. ೨೦೧೯ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿತು.