ಯುದ್ಧದ ಲಾರಿಗೆ ಮಲೆನಾಡಿನಲ್ಲಿ ಎರಡನೇ ಬಾಳು

ಎರಡನೇ ಮಹಾಯುದ್ಧದ ಮಾತು ಬಂದರೆ ನಮ್ಮ ಕಡೆಯ ಹಳಬರು ಹೇಳುತ್ತಿದ್ದದ್ದು ಎರಡೇ ಸಂಗತಿ: ಒಂದು ರೇಷನ್ನು, ಇನ್ನೊಂದು ಇದ್ದಿಲಿನ ಬಸ್ಸು. ಪೆಟ್ರೋಲು ಸೇನೆಗೆ ಮೀಸಲಾಗಿದ್ದ ಆ ದಿನಗಳಲ್ಲಿ ಬಸ್ಸಿನ ಹಿಂಬದಿಗೆ ಒಲೆಯಂಥ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲನ್ನು ಅರೆಬರೆ ಉರಿಸಿ, ಬಂದ ಅನಿಲದಲ್ಲಿ ಎಂಜಿನ್ ಓಡಿಸುತ್ತಿದ್ದರು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಯುದ್ಧ ಮುಗಿದ ಮೇಲೆ ಘಟ್ಟದ ಕಾಡುಗಳಿಗೆ ಬಂದ ಮಿಲಿಟರಿ ಲಾರಿಗಳ ಕಥೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಅವು ಎಲ್ಲಿಂದ ಬಂದವು? ಬ್ರಿಟಿಷ್ ಸಾಮ್ರಾಜ್ಯದ ಸೇನೆಗಳಿಗೆ ವಾಹನ ಒದಗಿಸಿದ ದೇಶಗಳಲ್ಲಿ ಕೆನಡಾ ಮುಖ್ಯವಾದದ್ದು. ಯುದ್ಧದ ವರ್ಷಗಳಲ್ಲಿ ಅಲ್ಲಿ 8 ಲಕ್ಷಕ್ಕೂ ಹೆಚ್ಚು ಮಿಲಿಟರಿ ವಾಹನಗಳು ತಯಾರಾದವು. ಪೇಟೆಯಲ್ಲಿ ಪೈಪೋಟಿ ನಡೆಸುತ್ತಿದ್ದ ಫೋರ್ಡ್ ಮತ್ತು ಷೆವರ್ಲೆ ಕಂಪನಿಗಳು ಸೇನೆಗಾಗಿ ಒಂದೇ ಮಾದರಿಯ ಲಾರಿ ಮಾಡಿದವು. ಮೂತಿ ಮೊಂಡು, ಕ್ಯಾಬಿನ್ ಮುಂದಕ್ಕೆ, ಸ್ಟೀರಿಂಗ್ ಬಲಕ್ಕೆ. ಎಂಜಿನ್ ಮಾತ್ರ ಬೇರೆ: ಫೋರ್ಡ್‌ನದು ವಿ-8, ಷೆವರ್ಲೆಯದು ಸಾಲಾಗಿ ಆರು ಸಿಲಿಂಡರ್. ಕಡೆಯ ಮಾದರಿಯ ಕ್ಯಾಬಿನ್ನಿನ ಮುಂಗಾಜು ಕೆಳತುದಿಯಲ್ಲಿ ಒಳಕ್ಕೆ ಬಾಗಿರುತ್ತದೆ. ಬಿಸಿಲು ಗಾಜಿಗೆ ಬಡಿದು ಮೇಲಿನ ಶತ್ರುವಿಮಾನಕ್ಕೆ ಹೊಳೆಯಬಾರದೆಂದು ಮಾಡಿದ ಏರ್ಪಾಡು ಅದು. ಅಮೆರಿಕದ ಜಿಎಂಸಿ ಲಾರಿಯದು ಇನ್ನೊಂದು ಬಗೆ. ಉದ್ದ ಮೂತಿ, ಎಡಗಡೆ ಸ್ಟೀರಿಂಗ್, ಮೂರು ಆಕ್ಸಲ್‌ಗೂ ಎಂಜಿನ್ನಿನ ಬಲ. ಇಂಥವು 5 ಲಕ್ಷಕ್ಕೂ ಹೆಚ್ಚು ತಯಾರಾದವು. ಅಸ್ಸಾಮಿನ ಲೇಡೋದಿಂದ ಬರ್ಮಾ ದಾಟಿ ಚೀನಾಕ್ಕೆ ಹಾಕಿದ ರಸ್ತೆಯಲ್ಲಿ ಸರಕು ಹೊತ್ತವುಗಳಲ್ಲಿ ಇವೂ ಇದ್ದವು.

1945ರಲ್ಲಿ ಯುದ್ಧ ನಿಂತಿತು. ಹೊತ್ತು ತಂದದ್ದನ್ನೆಲ್ಲ ವಾಪಸು ಒಯ್ಯುವುದು ದಂಡದ ಖರ್ಚು. 1946ರ ಒಪ್ಪಂದದಂತೆ ಅಮೆರಿಕನ್ನರು ಇಲ್ಲಿ ಉಳಿಸಿಹೋದ ಸಾಮಗ್ರಿ ಭಾರತ ಸರ್ಕಾರದ ಕೈಸೇರಿತು. ಸೇನೆಗೆ ಬೇಡವಾದ ವಾಹನಗಳು ವಿಲೇವಾರಿಗೆ ಬಂದವು. ಅನೇಕ ಕಡೆ ಅವುಗಳ ಚಾಸಿಯ ಮೇಲೆ ಬಸ್ಸಿನ ಬಾಡಿ ಕಟ್ಟಿದರು. ಪಶ್ಚಿಮ ಘಟ್ಟದ ಮರದ ಕಂತ್ರಾಟುದಾರರು ನೋಡಿದ್ದು ಬೇರೆಯ ಗುಣವನ್ನು: ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಇರುವ ಗಾಡಿ ಕೆಸರಿನಲ್ಲಿ ಕೂರುವುದಿಲ್ಲ.

ಶಿವಮೊಗ್ಗ ಸೀಮೆಯಲ್ಲಿ ಆ ಗುಣಕ್ಕೆ ಎಂಥ ಬೆಲೆ ಎಂದು ತಿಳಿಯಲು ಭದ್ರಾವತಿಯನ್ನು ನೆನೆಯಬೇಕು. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿದಾಗ ಊದುಕುಲುಮೆಗೆ ಹಾಕುತ್ತಿದ್ದದ್ದು ಕಲ್ಲಿದ್ದಲಲ್ಲ, ಕಾಡಿನ ಸೌದೆಯಿಂದ ಮಾಡಿದ ಇದ್ದಿಲು. ಸೌದೆ ತರಲೆಂದೇ ಕಾಡಿನೊಳಗೆ ಟ್ರಾಮ್ ಹಳಿ ಹಾಕಿದ್ದರು. 1936ರಲ್ಲಿ ಉಕ್ಕಿನ ತಯಾರಿಕೆ ಶುರುವಾಯಿತು. ಅದೇ ವರ್ಷ ಮೈಸೂರು ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು. ಮನೆ ಕಟ್ಟುವ ನಾಟಾ ಬೇರೆ. ಒಟ್ಟಿನಲ್ಲಿ ಕಾಡಿನಿಂದ ಮರ ಹೊರಗೆ ಬರದೆ ಇಲ್ಲಿ ಯಾವ ಕೆಲಸವೂ ನಡೆಯುವಂತಿರಲಿಲ್ಲ. ಟ್ರಾಮ್ ಹಳಿ ಹಾಕಿದ ಕಡೆಗೆ ಮಾತ್ರ ಹೋಗುತ್ತದೆ. ಕೂಪು ವರ್ಷ ವರ್ಷ ಜಾಗ ಬದಲಿಸುತ್ತದೆ. ಕೆಮ್ಮಣ್ಣಿನ ಕೂಪುರಸ್ತೆ ಒಂದು ಮಳೆಗೇ ಗದ್ದೆಯಾಗುತ್ತದೆ. ಯುದ್ಧಭೂಮಿಯ ಕೆಸರಿಗೆಂದು ಮಾಡಿದ ಗಾಡಿ ಇಂಥ ಕಾಡಿಗೆ ಹೇಳಿಮಾಡಿಸಿದಂತಿತ್ತು.

ಆದರೆ ಬಂದ ಲಾರಿ ಬಂದ ಹಾಗೆಯೇ ಉಳಿಯಲಿಲ್ಲ. ಪೆಟ್ರೋಲ್ ಎಂಜಿನ್ನಿನ ಹಸಿವು ಕಂತ್ರಾಟುದಾರನಿಗೆ ಕಟ್ಟುತ್ತಿರಲಿಲ್ಲ. ಅದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು; ಮದ್ರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಅಂಥ ಎಂಜಿನ್ನುಗಳಲ್ಲಿ ಹೆಸರಾದದ್ದು. ತುಕ್ಕು ಹಿಡಿದ ತಗಡಿನ ಕ್ಯಾಬಿನ್ ಕಿತ್ತು ಬಡಗಿಯಿಂದ ಮರದ ಕ್ಯಾಬಿನ್ ಕಟ್ಟಿಸಿದರು. ದಿಮ್ಮಿ ಹೊರಲು ಚಾಸಿಗೆ ಪಟ್ಟಿ ಕೊಟ್ಟು ಗಟ್ಟಿಮಾಡಿದರು. ಕೆನಡಾದಿಂದ ಬಿಡಿಭಾಗ ಬರುವಂತಿಲ್ಲವಾದ್ದರಿಂದ ಮುರಿದದ್ದನ್ನು ಲೇತಿನಲ್ಲಿ ತಿರುಗಿಸಿ ಮಾಡಿಕೊಂಡರು, ಅಥವಾ ಸತ್ತ ಲಾರಿಯಿಂದ ಬದುಕಿದ ಲಾರಿಗೆ ಕಟ್ಟಿದರು. ಹೀಗೆ ಮೂರು ಗಾಡಿ ಸೇರಿ ಒಂದಾದದ್ದೂ ಉಂಟು. 1996ರ ಡಿಸೆಂಬರಿನಲ್ಲಿ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮರ ಕಡಿಯುವುದಕ್ಕೆ ಬಿಗಿಯಾದ ಕಟ್ಟು ಹಾಕಿದ ಮೇಲೆ ಕೂಪಿನ ಕೆಲಸವೇ ಇಳಿಯಿತು. ಕೆಲಸವಿಲ್ಲದ ಹಳೆಯ ಲಾರಿಗೆ ಉಳಿದ ದಾರಿ ಗುಜರಿ.

ಗುಜರಿಯಲ್ಲೂ ಅದು ಒಂದೇ ಸಲಕ್ಕೆ ಮಾಯವಾಗುವುದಿಲ್ಲ. ಸ್ಪ್ರಿಂಗ್ ಪ್ಲೇಟು ಊರಿನ ಕುಲುಮೆಗೆ ಹೋಗಿ ಕತ್ತಿಯಾಗುತ್ತದೆ, ಆಕ್ಸಲ್ ಇನ್ನೊಂದು ಟ್ರೈಲರಿಗೆ ಹೋಗುತ್ತದೆ, ಮಿಕ್ಕದ್ದು ಯಾವುದೋ ಉಕ್ಕಿನ ಕುಲುಮೆಯಲ್ಲಿ ಕರಗುತ್ತದೆ. ಇಂದು ಜಗತ್ತಿನ ಸಂಗ್ರಾಹಕರು ಇಂಥ ಒಂದು ಆಕ್ಸಲ್, ಒಂದು ಗೇರ್ ಬಾಕ್ಸ್ ಸಿಕ್ಕರೂ ಸಾಕೆಂದು ಹುಡುಕುತ್ತಾರೆ.

ನಮ್ಮಲ್ಲಿ ಹಳೆಯ ವಾಹನದ ಗೌರವ ಹೆಚ್ಚಾಗಿ ಸಿಕ್ಕಿರುವುದು ಕಾರುಗಳಿಗೆ. ಧರ್ಮಸ್ಥಳದ ಸಂಗ್ರಹವನ್ನು ನೋಡಿದವರಿಗೆ ಆ ಗೌರವ ಎಷ್ಟು ಸೊಗಸಾಗಿರಬಲ್ಲದೆಂದು ಗೊತ್ತು. ಕಾನೂನೂ ಹಾಗೆಯೇ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ದ್ವಿಚಕ್ರ ವಾಹನವೋ ಜನ ಕೂರುವ ನಾಲ್ಕು ಚಕ್ರದ ಗಾಡಿಯೋ ಆಗಿರಬೇಕು, ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಈ ಅಳತೆಗೆ ಮಲೆನಾಡಿನ ಲಾರಿ ಎರಡು ಕಡೆ ಸೋಲುತ್ತದೆ. ಅದು ಸರಕಿನ ಗಾಡಿ. ಜೊತೆಗೆ ಅದರ ಮೈಮೇಲೆ ಮಾರ್ಪಾಡಾಗದ ಜಾಗವೇ ಇಲ್ಲ.

ನನ್ನ ತಕರಾರು ಇರುವುದು ‘ಮೂಲ ರೂಪ’ ಎಂಬ ಮಾತಿನ ಮೇಲೆ. ಸೇನೆಯಲ್ಲಿ ಈ ಲಾರಿ ದುಡಿದದ್ದು ನಾಲ್ಕೈದು ವರ್ಷ. ಕೂಪಿನಲ್ಲಿ ದುಡಿದದ್ದು ದಶಕಗಟ್ಟಲೆ. ಮಾರ್ಪಾಡು ಮಾಡಿದ್ದರಿಂದಲೇ ಅದು ಉಳಿಯಿತು. ಮಾಡದಿದ್ದರೆ 1950ರ ದಶಕದಲ್ಲೇ ಕರಗಿಹೋಗುತ್ತಿತ್ತು. ಇಂದು ಅಂಥದೊಂದನ್ನು ಕೊಂಡು, ಮರದ ಕ್ಯಾಬಿನ್ ಸುಟ್ಟು, ಪರ್ಕಿನ್ಸ್ ಬಿಸಾಡಿ, ಹಸಿರು ಬಣ್ಣ ಬಳಿದು ನಿಲ್ಲಿಸಿದರೆ ಕೆನಡಾದ ಚರಿತ್ರೆಗೆ ಒಂದು ಒಳ್ಳೆಯ ಮಾದರಿ ಸಿಗುತ್ತದೆ. ಅದಕ್ಕೆ ಎಂಜಿನ್ ಹೊಂದಿಸಿದ ಮೇಸ್ತ್ರಿ, ಕ್ಯಾಬಿನ್ ಕಟ್ಟಿದ ಬಡಗಿ, ರಾತ್ರಿಯೆಲ್ಲ ಇಳುಕಲಿನಲ್ಲಿ ದಿಮ್ಮಿ ಇಳಿಸಿದ ಡ್ರೈವರ್, ಚಕ್ರಕ್ಕೆ ಮರದ ಕೊಟ್ಟು ಹಿಡಿದು ಹಿಂದೆ ಓಡಿದ ಕ್ಲೀನರ್ ಆ ಬಣ್ಣದ ಅಡಿಯಲ್ಲಿ ಮುಚ್ಚಿಹೋಗುತ್ತಾರೆ. ಅವರ ಚರಿತ್ರೆಗೆ ಬೇರೆ ದಾಖಲೆ ಕಡಿಮೆ.

ಹಾಗೆಂದು ತುಕ್ಕನ್ನು ಪೂಜಿಸಬೇಕಿಲ್ಲ. ದುರಸ್ತಿ ಬೇಕು, ಅದಕ್ಕೆ ಮೊದಲು ಬರೆದಿಡುವ ಕೆಲಸವೂ ಬೇಕು. ಚಾಸಿಯ ಮೇಲೆ ಒತ್ತಿದ ಸಂಖ್ಯೆ, ಡ್ಯಾಶಿನ ತಗಡಿನ ಫಲಕ, ಎಂವೈ ಅಕ್ಷರಗಳ ಹಳೆಯ ನಂಬರ್, ಆರ್‌ಸಿ ಪುಸ್ತಕದಲ್ಲಿ ಕೈ ಬದಲಾದ ಹೆಸರುಗಳು, ಇವೆಲ್ಲವನ್ನೂ ಫೋಟೊ ತೆಗೆದಿಡಬೇಕು. ಒಂದು ಎಚ್ಚರ: ಆರ್‌ಸಿಯ ವರ್ಷವನ್ನು ಲಾರಿ ಹುಟ್ಟಿದ ವರ್ಷವೆಂದು ನಂಬಬಾರದು, ಹರಾಜಿನಲ್ಲಿ ಕೊಂಡ ಮೇಲೆ ಆದ ನೋಂದಣಿ ಅದು. ಬಿಚ್ಚಿದ ಮರದ ಕ್ಯಾಬಿನ್ನನ್ನೂ ತೆಗೆದಿಡಬಹುದು.

ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾಡು, ಕೂಪು, ಲಾರಿ, ಕುಲುಮೆ ಎಲ್ಲ ಒಂದೇ ಸರಪಳಿಯಾಗಿದ್ದ ಕಾಲವನ್ನು ಕಂಡವರಿಗೆ ಈಗ ಎಂಬತ್ತರ ಆಸುಪಾಸು. ಲಾರಿಯನ್ನು ಹುಡುಕಿಕೊಂಡು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೋ ಗುಜರಿ ಅಂಗಡಿಗೋ ಹೋಗುವ ಹುಡುಗರು ಮೊದಲು ಆ ಹಿರಿಯರ ಜಗಲಿಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರಲಿ. ಲಾರಿ ಇನ್ನೂ ಹತ್ತು ವರ್ಷ ಶೆಡ್ಡಿನಲ್ಲಿ ಕಾಯಬಲ್ಲದು.